ಉಣ್ಣೆ ಕಟ್ಟಿಸಿದ ಮನೆಯಲ್ಲಿ ನಿನ್ನ ಕಂಬಳಿ

ಕೆಂಚಕ್ಕಗೆ ತಂಗಿ ಪಾಲಮ್ಮನ ನಮಸ್ಕಾರ.

ಅಕ್ಕಾ, ಮೈಲಾರಲಿಂಗನ ದಯೆಯಿಂದ ನಾವು ಉಣ್ಣೆ ಸಂಘದವರು ಇಂಗ್ಲೆಂಡಿಗೆ ಸುಖವಾಗಿ ಬಂದು ಮುಟ್ಟಿದೆವು. ಈ ಕಾರ್ಡಿನ ಮೇಲಿನ ಚಿತ್ರದಲ್ಲಿರುವ ಬಂಗಲೆಯಲ್ಲೇ ಉಣ್ಣೆ ಮೇಳ. ನಾಲ್ಕು ನೂರು ವರ್ಷದ ಹಿಂದೆ ಕುರಿ ಉಣ್ಣೆ ಮಾರಿದ ದುಡ್ಡಿನಲ್ಲಿ ಕಟ್ಟಿಸಿದ್ದಂತೆ! ಈಗ ಕುದುರೆ ಲಾಯದಲ್ಲಿ ಚಹಾ ಅಂಗಡಿ, ದೊಡ್ಡ ಪಡಸಾಲೆ ಮದುವೆಗೆ ಬಾಡಿಗೆ. ಮನೆಯೊಡತಿ ಮುದುಕಿ ಹಿಂದಿನ ಎರಡು ಕೋಣೆಯಲ್ಲಿದ್ದು, ಆ ಬಾಡಿಗೆಯಿಂದಲೇ ಒಂದು ಕಲ್ಲೂ ಬೀಳದಂತೆ ನೋಡಿಕೊಂಡಿದ್ದಾಳೆ. ಗಟ್ಟಿ ಹೆಂಗಸು.

"ದೇವರ ಗದ್ದಿಗಿಗೆ ಹಾಸೋ ಕಂಬಳಿ, ಯಾರೂ ತುಳೀಬಾರ್ದು ನೋಡವ್ವಾ" ಎಂದು ಹೇಳಿ ನೀನು ಮೇಳದಲ್ಲಿ ತೋರಿಸಲು ನೇಯ್ದು ಕೊಟ್ಟಿದ್ದೆಯಲ್ಲ, ನಿನ್ನೆ ನೋಡಿದರೆ ಅದನ್ನೇ ಇಲ್ಲಿಯವರು ಪಡಸಾಲೆಯ ಬಾಗಿಲಲ್ಲಿ ಹಾಸಿದ್ದರು! ಜನ ಬೂಟಿನಲ್ಲೇ ಬರುತ್ತಿದ್ದರು. ನನ್ನ ಜೀವ ಹಾರಿತು. ಓಡಿಹೋಗಿ ಬಾಗಿಲಿಗೆ ಅಡ್ಡ ಕೂತುಬಿಟ್ಟೆ.

ಸಂಘದ ಹುಡುಗಿ ಭೂಮಿಕಾ, "ಅತ್ತಿ, ಏಳ್ರಿ, ಮಂದಿ ನೋಡಾಕತ್ಯಾರ" ಅಂದಳು.

"ನೋಡ್ಲಿ ಬಿಡು. ಇದರ ಮ್ಯಾಲ ನಮ್ಮಪ್ಪ ಮೈಲಾರ ಕುಂದರ್ತಾನ ಅಂತ ಆಯಮ್ಮಗ ಇಂಗ್ಲೀಷಿನಾಗ ಹೇಳು" ಅಂದೆ.

ಕೇಳಿದ ಕೂಡಲೇ ಒಡತಿ ತನ್ನ ಬೂಟು ಬಿಚ್ಚಿದಳು. ತಾನೇ ಬಗ್ಗಿ ಕಂಬಳಿ ಎತ್ತಿ, ಧೂಳು ಕೊಡವಿ, ಪಡಸಾಲೆಯಲ್ಲಿದ್ದ, ಮನೆ ಕಟ್ಟಿಸಿದ ಹಿರಿಯನ ಕುರ್ಚಿಯ ಮೇಲೆ ಹಾಸಿದಳು. ಅದರಲ್ಲಿ ಯಾರೂ ಕೂರುವುದಿಲ್ಲವಂತೆ. ನಾನು ಚಿಟಿಕೆ ಭಂಡಾರದ ಅರಿಶಿನ ಹಾಕಿ ಕೈ ಮುಗಿದೆ.

ಚಳಿಗೆ ಮೊಣಕಾಲು ಹಿಡಿದಿದೆ, ಗುಳಿಗೆ ಇವೆ, ಚಿಂತೆ ಬೇಡ. ಚಹಾಕ್ಕೆ ಕರೆಯುತ್ತಿದ್ದಾರೆ, ಕಾರ್ಡಿನಲ್ಲಿ ಜಾಗವೂ ಮುಗಿಯಿತು. ಇವತ್ತು ಪಡಸಾಲೆಯ ಹೊರಗೆ ಬೂಟಿನ ಸಾಲು ನಿಂತಿದೆ ಅಕ್ಕಾ, ನಮ್ಮ ಗುಡಿಯ ಮುಂದಿನ ಹಾಗೆಯೇ.

ಪಾಲಮ್ಮ