ಕಣ್ಣಿಲ್ಲದ ಸುಲೋಚನೆ

ವಿಶಾಖಪಟ್ಟಣ
೧೪ ನವೆಂಬರ್ ೧೯೮೯

ಪ್ರೀತಿಯ ವಾಸಂತಿ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಸಿಟ್ಟಾಗಿದ್ದೀಯೆಂದು ಗೊತ್ತು. ಮೈಸೂರಿನ ಹಾಸ್ಟೆಲಿನಲ್ಲಿ ನಾನು ಒಂದು ಹೊತ್ತು ಮಾತು ಬಿಟ್ಟರೆ ಊಟ ಬಿಡುತ್ತಿದ್ದವಳಲ್ಲವೇ ನೀನು! ಪುಟ್ಟಿಗೆ ಹಲ್ಲು ಬಂದ ಸುದ್ದಿ ಓದಿ ಸಂತೋಷವಾಯಿತು. ನನ್ನ ಮೈ ಚೆನ್ನಾಗಿದೆ, ಮನಸ್ಸೇ ಸರಿಯಿರಲಿಲ್ಲ.

ಮೊದಲು ನೀನು ನಗುವ ಸುದ್ದಿ. ನನ್ನ ಹೆಸರಿನ ಒಂದು ಪ್ರಾಣಿ ಈಗ ಲೋಕದಲ್ಲಿದೆ ಕಣೇ. ಸೀಗಡಿಯ ದೂರದ ನೆಂಟ, ಎಳ್ಳುಕಾಳಿಗಿಂತ ಸಣ್ಣದು. ಬಾವಿಯ ತಳದ ಕತ್ತಲಲ್ಲೇ ಹುಟ್ಟಿ ಸಾಯುವುದರಿಂದ ಮೈಗೆ ಬಣ್ಣವಿಲ್ಲ, ಮುಖದಲ್ಲಿ ಕಣ್ಣಿಲ್ಲ. ಅದಕ್ಕೆ ಸುಲೋಚನೆಯ ಹೆಸರು!

ಅಶ್ವತ್ಥ ಅವರಿಗೆ ಬ್ಯಾಂಕಿನ ವಿಜಯವಾಡದ ಶಾಖೆಗೆ ವರ್ಗವಾದಾಗಲೂ ನಾನು ಇಲ್ಲಿಯ ಸಂಶೋಧನಾ ಕೇಂದ್ರದ ಕೆಲಸ ಬಿಡಲಿಲ್ಲವಲ್ಲ. ವಾರವಿಡೀ ಬಂದರಿನ ಉಪ್ಪುನೀರಿನ ಜೀವಿಗಳು, ಶನಿವಾರ ರೈಲು ಹತ್ತಿ ಗಂಡನ ಮನೆ. ಅಲ್ಲಿ ಸುಮ್ಮನಿರಲಾರದೆ ಬಾಡಿಗೆ ಮನೆಯ ಬಾವಿಗೆ ಸಣ್ಣ ಕಣ್ಣಿನ ಬಲೆ ಇಳಿಬಿಟ್ಟೆ. ಮನೆಯೊಡತಿ ಕೋಟೇಶ್ವರಮ್ಮ ಓಡಿ ಬಂದು, "ಏಂ ಪಡೇಸುಕುನ್ನಾವಮ್ಮಾ, ಮೂಗುತಿಯಾ?" ಎಂದು, ನಾನೇನೋ ಬಾವಿಗೆ ಬೀಳಿಸಿಕೊಂಡೆನೆಂದು ಗಾಬರಿಯಾದರು. ಬಲೆಯಲ್ಲಿ ಬಂದದ್ದು ಇದು. ಇದರ ಕಾಲುಗಳನ್ನು ಸೂಜಿಯ ಮೊನೆಯಲ್ಲಿ ಒಂದೊಂದಾಗಿ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದುಕೊಳ್ಳುವಷ್ಟರಲ್ಲಿ ಕತ್ತು ಸೆಟೆದುಹೋಯಿತು. ಹೊಸ ಜಾತಿಯೇ ಎಂದು ಖಾತ್ರಿಯಾದ ಮೇಲೆ ಲೇಖನ ಬರೆದು, ನಮ್ಮ ಮುಖ್ಯಸ್ಥ ಸತ್ಯಮೂರ್ತಿಯವರಿಗೆ ತಿದ್ದಲು ಕೊಟ್ಟೆ.

ಯುಗಾದಿ ಕಳೆದದ್ದೇ ತಡ, ಏನೋ ಬದಲಾಯಿತು. ಲೇಖನದ ವಿಷಯ ಎತ್ತಿದರೆ ಅವರು "ಆಗುತ್ತೆ, ಆಗುತ್ತೆ" ಎನ್ನುವರು. ನನ್ನ ಸೂಕ್ಷ್ಮದರ್ಶಕ ಪಕ್ಕದ ರಾಜ್ಯಲಕ್ಷ್ಮಿಯ ಮೇಜಿಗೆ ಹೋಯಿತು. ನನ್ನ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿನ್ನುವ, ನನಗಿಂತ ಚಿಕ್ಕ ಹುಡುಗಿ ಅವಳು. ನಾನು ಒಳಗೆ ಬಂದರೆ ಅವರಿಬ್ಬರ ಮಾತು ನಿಲ್ಲುತ್ತಿತ್ತು. ಒಮ್ಮೆ ಅವಳೇ, "ಅಕ್ಕಾ, ಸಾಮಾನೆಲ್ಲಾ ಕಟ್ಟಿಕೊಂಡ್ರಾ?" ಎಂದಳು. ನನ್ನನ್ನು ಓಡಿಸಲು ಎಷ್ಟು ಅವಸರ ಇವಳಿಗೆ ಅನ್ನಿಸಿತು. ಅಂದಿನಿಂದ ಗಾಜಿನ ಸ್ಲೈಡುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಊಟಕ್ಕೂ ಒಬ್ಬಳೇ ಕೂರತೊಡಗಿದೆ. ಅವಳು ಸೀನಿದರೂ ಅದರಲ್ಲಿ ಏನೋ ಸಂಚು ಕಾಣುತ್ತಿತ್ತು.

ಕಳೆದ ವಾರ ಲೇಖನ ಅಚ್ಚಾದ ಪತ್ರಿಕೆ ಬಂತು. ಪ್ರಾಣಿಗೆ ನನ್ನ ಹೆಸರು ಬಂದಿದೆಯೆಂದು ಎಲ್ಲರೂ ನನ್ನ ಬಾಯಿಗೆ ಪೂತರೇಕು ತುರುಕಿ ಅಭಿನಂದಿಸಿದರು. ನಮ್ಮಲ್ಲಿ ಒಂದು ರೂಢಿಯಿದೆ: ತಾನು ಕಂಡುಹಿಡಿದ ಪ್ರಾಣಿಗೆ ಯಾರೂ ತನ್ನದೇ ಹೆಸರಿಡುವುದಿಲ್ಲ. ಪ್ರಾಣಿಗೆ ನನ್ನ ಹೆಸರೆಂದರೆ, ಲೇಖನಕ್ಕೆ ನನ್ನ ಹೆಸರಿಲ್ಲ! ಬಾಯಲ್ಲಿ ಸಿಹಿ ಇರುವಾಗಲೇ ಪುಟ ತಿರುಗಿಸಿದೆ. ಚಿತ್ರಗಳು ನನ್ನವು. ಲೇಖಕರು ಸತ್ಯಮೂರ್ತಿ ಮತ್ತು ರಾಜ್ಯಲಕ್ಷ್ಮಿ.

ನಿನ್ನೆ ಅವಳನ್ನು ಅಡ್ಡಗಟ್ಟಿದೆ. "ಚಿತ್ರಾನ್ನವೆಲ್ಲ ತಿಂದು ನನಗೇ ಹೀಗೆ ಮಾಡಿದೆಯಾ?" ಎಂದೆ. ಅವಳು ಅತ್ತೇಬಿಟ್ಟಳು. "ನೀವು ಕೆಲಸ ಮಾನೇಸ್ತಾ, ಬಿಟ್ಟುಹೋಗ್ತಾ ಇದ್ದೀರಿ, ನೀವೇ ಒಪ್ಪಿದ್ದೀರಿ ಅಂತ ಸಾರ್ ಹೇಳಿದ್ರಕ್ಕಾ. ನಾನು ನಂಬಿದೆ."

ಕೈ ಹಿಡಿದು ಅವಳನ್ನು ಸತ್ಯಮೂರ್ತಿಯವರ ಕೋಣೆಗೆ ಕರೆದುಕೊಂಡು ಹೋದೆ. ಅವರು ಕನ್ನಡಕ ಒರೆಸುತ್ತ, "ಬಿಟ್ಟುಹೋಗುವವರಿಗೆ ಲೇಖನದಿಂದ ಏನಮ್ಮಾ ಉಪಯೋಗ? ಈ ಹುಡುಗಿಗಾದರೆ ಕೆಲಸ ಖಾಯಂ ಆಗುತ್ತೆ. ನಿಮ್ಮ ಹೆಸರು ಪ್ರಾಣಿಗೇ ಇಟ್ಟೆವು ಕದಾ, ಶಾಶ್ವತವಾಗಿ" ಎಂದರು.

"ನಾನು ಬಿಡುತ್ತೇನೆಂದು ಯಾರು ಹೇಳಿದರು ಸಾರ್?"

ಅವರು ರಾಜ್ಯಲಕ್ಷ್ಮಿಯನ್ನು ಹೊರಗೆ ಕಳುಹಿಸಿದರು. ಆಮೇಲೆ ಯಾರೆಂದು ಹೇಳಿದರು.

ಕಂಡುಹಿಡಿದವಳೂ ಚಿತ್ರ ಬರೆದವಳೂ ನಾನೇ ಎಂದು ಪತ್ರಿಕೆಗೆ ತಿದ್ದುಪಡಿ ಕಳಿಸಬೇಕೆಂದು ಕೇಳಿದೆ. ಮೊದಲು "ನೋಡೋಣ" ಎಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಟೈಪಿಸ್ಟನ್ನು ಕರೆದರು. ಅದು ಅಚ್ಚಾಗುವವರೆಗೆ ನನಗೆ ನಂಬಿಕೆಯಿಲ್ಲ. ಸಂಜೆ ರಾಜ್ಯಲಕ್ಷ್ಮಿ ತಾನೇ ಸೂಕ್ಷ್ಮದರ್ಶಕವನ್ನು ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಅವಳ ಮುಖ ನೋಡಲು ನನಗೇ ನಾಚಿಕೆಯಾಯಿತು.

ನಿಮ್ಮತ್ತೆಯವರಿಗೆ ನಮಸ್ಕಾರ ಹೇಳು. ಪುಟ್ಟಿ ನೂರ್ಕಾಲ ಬಾಳಲಿ, ತನಗೆ ಬೇಕಾದ್ದನ್ನು ಓದಲಿ.

ನಿನ್ನ
ಸುಲೋಚನಾ

ತಾ.ಕ.: ನಾನು ಕೆಲಸ ಬಿಡುತ್ತೇನೆಂದು ಹೇಳಿದವರು ಅಶ್ವತ್ಥ. ಯುಗಾದಿಯ ಹೊತ್ತಿಗೆ ಬ್ಯಾಂಕಿನ ಮೀಟಿಂಗಿಗೆ ಇಲ್ಲಿಗೆ ಬಂದಾಗ, ನನಗೆ ತಿಳಿಸದೆ ಸತ್ಯಮೂರ್ತಿಯವರ ಮನೆಗೆ ಹೋಗಿ, "ಈ ವರ್ಷ ಕೆಲಸ ಬಿಡಿಸ್ತೀನಿ ಸಾರ್, ನೀವು ಅವಳ ಹತ್ತಿರ ಆ ಮಾತು ಎತ್ತಬೇಡಿ, ನೊಂದ್ಕೋತಾಳೆ" ಎಂದಿದ್ದಾರೆ. ಲೇಖನದ ಪ್ರಸ್ತಾಪ ಬಂದಾಗ, "ಪ್ರಾಣಿಗೆ ಅವಳ ಹೆಸರಿಡಿ ಸಾಕು, ಖುಷಿಯಾಗ್ತಾಳೆ" ಎಂದವರೂ ಅವರೇ. ಮೊನ್ನೆ ಭಾನುವಾರ ಪತ್ರಿಕೆ ಹಿಡಿದು ಅವರೆದುರು ಅತ್ತಿದ್ದೆ ವಾಸಂತಿ. ನನ್ನ ಸೆರಗಿನಲ್ಲೇ ನನ್ನ ಕಣ್ಣೊರೆಸಿ, "ಆ ರಾಜ್ಯಲಕ್ಷ್ಮೀನ ನಂಬಬೇಡ ಅಂತ ನಾನು ಮೊದಲೇ ಹೇಳಿರಲಿಲ್ವಾ?" ಎಂದರು. ಈ ಶನಿವಾರ ನಾನು ವಿಜಯವಾಡಕ್ಕೆ ಹೋಗುತ್ತಿಲ್ಲ. ಅವರಿಗೆ ಇನ್ನೂ ತಿಳಿಸಿಲ್ಲ.