ಕಾಕಾನ ಕುಡುಗೋಲು

ಭೀಮು,

ಗಾಡಿ ತರಾಕ ಶಹಾಪುರಕ್ಕ ಹೊಂಟೀನಿ. ಬಂದ ಕೂಡ್ಲೆ ನಿನ್ನ ಕಲಬುರಗಿ ದವಾಖಾನಿಗೆ ಒಯ್ದು ಭರ್ತಿ ಮಾಡ್ತೀನಿ.

ಅಂಬಲಿ ಒಲಿ ಮ್ಯಾಲೈತಿ, ಕುಡಿ. ಕುರಿ ಕಾಯಾಕ ನಿನ್ನ ಹೇಣ್ತಿ ಹೋಗ್ಯಾಳ. ನೀ ಹಟ್ಟಿ ಕಡೆ ಕಾಲಿಟ್ರ ಆ ಕಾಲು ಮುರೀತೀನಿ.

ಯಂಕಪ್ಪ ಕಾಕಾ ಬರ್ತಾನ. ನಿನಗ ಮತ್ತ ಎದಿನೋವು ಬಂದದ್ದು ಗೊತ್ತಾಗಿ, ಕುಡುಗೋಲು ಕಾಸಿ ಎದಿಗೆ ಇನ್ನೊಂದು ಬರಿ ಹಾಕ್ತೀನಿ ಅಂತ ಓಣಿ ತುಂಬ ಹೇಳಾಕತ್ತಾನ. ಅಗಳಿ ತೆಗೀಬ್ಯಾಡ. ಬಾಗಲಾ ಒದ್ರ ಒದೀಲಿ.

ಹೋದ ವರ್ಷ ನೀ ಎದಿ ಹಿಡಕೊಂಡು ಬಿದ್ದಾಗ ನಾಕು ಮಂದಿ ನಿನ್ನ ಕೈಕಾಲು ಒತ್ತಿ ಹಿಡದಿದ್ರು. ಕಾದ ಕುಡುಗೋಲು ಇಟ್ಟ ಕೂಡ್ಲೆ ತೊಗಲು ಚರ್ರ್ ಅಂತು. ನೀ ಒದರಿ ಒದರಿ ಎಚ್ಚರ ತಪ್ಪಿದಿ. ನೋವು ಓಡಿಹೋತು ಅಂದು ಕಾಕಾ ಕೈ ತೊಳಕೊಂಡು ಬಾಡೂಟ ಉಂಡ.

ನೋವು ಎಲ್ಲೂ ಓಡಿದ್ದಿಲ್ಲ. ನಿನ್ನೆ ಸಿಟಿ ಸ್ಕ್ಯಾನ್ ಆದ ಮ್ಯಾಲ ನೀ ಹೊರಗ ಬೀಡಿ ಸೇದಾಕತ್ತಿದ್ದಿ, ಡಾಕ್ಟರಮ್ಮ ನನಗ ಪರದೆ ಮ್ಯಾಲ ತೋರಿಸಿದ್ರು. ನರಕ್ಕ ಔಷಧ ಬಿಟ್ಟು, ತಡದು ತಗದ ಫೋಟೋದಾಗ ನಿನ್ನ ಗುಂಡಿಗಿ ಒಂದು ಕಡೆ ಬೆಳ್ಳಗ ಕಾಣತಿತ್ತು. ಅಲ್ಲಿ ಮಾಂಸ ಸತ್ತು ಗಾಯದ ಕಲೆ ಆಗೈತಂತ. ಅದು ಹಳೇದಂತ. ಅವತ್ತು ನಿನಗ ಆಗಿದ್ದು ಹಾರ್ಟ್ ಅಟ್ಯಾಕ್. ಅವತ್ತೇ ದವಾಖಾನಿಗೆ ಒಯ್ದಿದ್ರ ಆ ಮಾಂಸ ಉಳೀತಿತ್ತಂತ. ಭರ್ತಿ ಆಗು ಅಂದ್ರ ನೀ ಕುರಿ ಕುರಿ ಅಂತ ಓಡಿ ಬಂದಿ, ಹುಚ್ಚ.

ಗುಳಿಗಿ ನುಂಗು. ಮಲಕೋ.

ಕಾಕಾನ ಕುಡುಗೋಲು ಅವನ ಮನಿಂದ ಎತ್ತಿಕೊಂಡು ನನ್ನ ಚೀಲದಾಗ ಇಟ್ಟೀನಿ. ಕೇಳಿದ್ರ ಹೇಳು, ಅಕ್ಕ ಅದನ್ನ ಕೆಂಪಗ ಕಾಸಿ ವಾಪಸ್ ಕೊಡ್ತಾಳಂತ, ಅಂಗಿ ಬಿಚ್ಚಿ ಕುಂದ್ರು ಅಂತ.

ಅಕ್ಕ