ಯೂನಿಫಾರ್ಮಿನ ಮೇಲೆ ಕುರಿಯ ಗುರುತು

ಕಲ್ಹೇರ್, ಸೋಮವಾರ

ತಾಂಡೂರಿನ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಬಸವೇಶ್ವರಿ ಮೇಡಂ ಅವರಿಗೆ, ಏಳನೇ ತರಗತಿಯ ಲಾವಣ್ಯಳ ತಂದೆಯ ನಮಸ್ಕಾರಗಳು.

ನಿಮಗೆ ಕನ್ನಡ ಬರುತ್ತದೆಂದು ಮಗಳು ಹೇಳಿದಳು. ಅದಕ್ಕೇ ಯಾರಿಂದಲೂ ತೆಲುಗಿನಲ್ಲಿ ಬರೆಸದೆ ನಾನೇ ಬರೆಯುತ್ತಿದ್ದೇನೆ.

ಅವಳ ಯೂನಿಫಾರ್ಮಿನ ಬೆನ್ನ ಮೇಲಿರುವ ಕೆಂಪು ಗುರುತು ಅವಳ ತಪ್ಪಲ್ಲ, ನನ್ನದು. ಮೊದಲ ಭೇಟಿಯ ದಿನ ಒಂದೇ ಬಟ್ಟೆಯ, ಎರಡೆರಡು ಜಡೆಯ ಮುನ್ನೂರು ಹುಡುಗಿಯರು ಒಟ್ಟಿಗೆ ಹೊರಬಂದರು. ನಾನು ಶೇಂಗಾ ಉಂಡಿಯ ಡಬ್ಬಿಯನ್ನು ಬೇರೆಯವರ ಮಗಳಿಗೆ ಕೊಟ್ಟುಬಿಟ್ಟೆ. ಆ ಹುಡುಗಿಯೂ ಬೇಡವೆನ್ನಲಿಲ್ಲ.

“ಇನ್ನೂರು ಕುರಿಗಳ ಮಾರಿ ನೋಡಿ ಗುರ್ತು ಹಿಡಿತೀರಿ, ಒಬ್ಬಾಕಿ ಮಗಳ ಗುರ್ತು ಸಿಗ್ಲಿಲ್ಲೇನ್ರಿ?” ಎಂದು ಹೆಂಡತಿ ಮಾಳಮ್ಮ ಕೇಳಿದಳು. ನನಗೆ ಊಟ ಸೇರಲಿಲ್ಲ. ಮುಂದಿನ ಭೇಟಿಯಲ್ಲಿ ಬೆನ್ನು ಸವರುವ ನೆಪದಲ್ಲಿ, ನಮ್ಮ ಕುರಿಗಳಿಗೆ ಹಾಕುವ ಗುರುತನ್ನೇ ಮಗಳಿಗೂ ಒತ್ತಿದೆ. ಮಳೆಗೂ ಹೋಗದ ಬಣ್ಣ ಅದು. ದಯವಿಟ್ಟು ಅವಳ ಕೈಯಲ್ಲಿ ಉಜ್ಜಿಸಬೇಡಿ, ಹೊಸ ಜೊತೆ ಹೊಲಿಯಲು ಕೊಟ್ಟಿದ್ದೇನೆ.

ನಿನ್ನೆ ಬಂದಾಗ ಮಗಳು ಮುನಿಸಿಕೊಂಡಿದ್ದಳು. ಆದರೂ ಬಿಳಿ ಅಂಗಿಯ ಐವತ್ತು ಅಪ್ಪಂದಿರ ನಡುವೆ ಗೇಟಿಗೆ ಬೆನ್ನು ಮಾಡಿ ನಿಂತಿದ್ದ ನನ್ನ ಕೈಯನ್ನೇ ನೆಟ್ಟಗೆ ಬಂದು ಹಿಡಿದಳು.

“ಹೆಂಗ ಗುರ್ತು ಹಿಡದೆವ್ವಾ?” ಎಂದೆ.

“ಕುರಿ ವಾಸನಿ ಬರಾಕತ್ತಿತ್ತಪ್ಪಾ. ಅದಕ್ಕ ಗೊತ್ತಾತು.”

ಆದ್ದರಿಂದ ಇನ್ನು ಮೇಲೆ ನಾನು ಬಣ್ಣ ತರುವುದಿಲ್ಲ. ಒಂದೇ ವಿನಂತಿ. ಭೇಟಿಗೆ ಬರುವವರು ಸ್ನಾನ ಮಾಡಿಯೇ ಬರಬೇಕೆಂದು ಗೇಟಿಗೆ ಚೀಟಿ ಅಂಟಿಸಿದ್ದೀರಿ. ಅದೊಂದನ್ನು ನನಗೆ ಮಾಫ್ ಮಾಡಬೇಕು.

ಲಾವಣ್ಯಳ ಅಪ್ಪ,
ಮಾಳಿಂಗಪ್ಪ